ಸುಂಟರಗಾಳಿಯೋ ನೇರಗಾಳಿಯೋ: ಬಿದ್ದ ಮರಗಳನ್ನು ಓದಿದ ಮೂರು ದಿನ

ಬಿರುಗಾಳಿ ಬೀಸಿಹೋದ ಮರುದಿನ ಬೆಳಿಗ್ಗೆ ನಾನೂ ನನ್ನ ಸಹೋದ್ಯೋಗಿಯೂ ಹಾನಿಯ ಸಮೀಕ್ಷೆಗೆಂದು ಆ ಊರನ್ನು ತಲುಪುವ ಹೊತ್ತಿಗೆ ಅಲ್ಲಿನವರು ತೀರ್ಮಾನಕ್ಕೆ ಬಂದಾಗಿತ್ತು. ಬಂದದ್ದು ಸುಂಟರಗಾಳಿಯೇ, ಅದರಲ್ಲಿ ಎರಡು ಮಾತಿಲ್ಲ ಎಂದು ಸಿಕ್ಕವರೆಲ್ಲ ಹೇಳಿದರು. ಅದಕ್ಕೆ ಅವರು ಮೂರು ಸಾಕ್ಷಿಗಳನ್ನು ಕೊಟ್ಟರು: ರೈಲು ಹತ್ತಿರ ಬಂದಂತೆ ಕೇಳಿದ ಭೋರ್ಗರೆತ, ಮರದ ಕಾಂಡಕ್ಕೆ ಬಟ್ಟೆಯಂತೆ ಸುತ್ತಿಕೊಂಡಿದ್ದ ತಗಡಿನ ಹಾಳೆ, ಮತ್ತು ಹಿಂಡಿದ ಹಾಗೆ ತಿರುಚಿ ಸೀಳಿದ್ದ ಒಂದು ದೊಡ್ಡ ಮರ. ಆ ದಿನ ಸಂಜೆಯೊಳಗೆ ನಾನೂ ಒಂದು ತೀರ್ಮಾನಕ್ಕೆ ಬಂದಿದ್ದೆ, ಆದರೆ ಅದು ಅವರದಕ್ಕೆ ನೇರ ವಿರುದ್ಧವಾಗಿತ್ತು. ಇದು ನೇರಗಾಳಿಯ, ಅಂದರೆ ಸುತ್ತದೆ ನೇರವಾಗಿ ನುಗ್ಗುವ ಗಾಳಿಯ ಕೆಲಸವೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಎರಡು ದಿನಗಳಲ್ಲಿ ಆ ವಾಕ್ಯವನ್ನು ಹೇಗೆ ತಿದ್ದಬೇಕಾಯಿತು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಆ ಮೂರು ಸಾಕ್ಷಿಗಳ ಮಾತು. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಮರಗಳ ನಡುವೆ, ಮನೆಗಳ ಸಂದಿಯಲ್ಲಿ ನುಗ್ಗಿದರೆ ಅದು ಸುತ್ತುತ್ತಿರಲಿ, ನೇರವಾಗಿ ಬೀಸುತ್ತಿರಲಿ, ಭೋರ್ಗರೆಯುತ್ತದೆ. ಹಾರಿಬಂದ ತಗಡು ಕಾಂಡಕ್ಕೆ ಅಪ್ಪಳಿಸಿದಾಗ ಅದರ ಎರಡೂ ಅಂಚುಗಳನ್ನು ಗಾಳಿ ಹಿಂದಕ್ಕೆ ತಳ್ಳುವುದರಿಂದ ಅದು ಸುತ್ತಿಕೊಳ್ಳುತ್ತದೆ, ಅದಕ್ಕೆ ಗಾಳಿ ಸುತ್ತಬೇಕಾಗಿಲ್ಲ. ತಿರುಚಿದ ಮರದ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. ಕೊಂಬೆಗಳ ಹರವು ಒಂದು ಬದಿಗೆ ಹೆಚ್ಚಾಗಿರುವ ಮರದ ಮೇಲೆ ನೇರಗಾಳಿ ಬೀಸಿದಾಗ, ಭಾರವಾದ ಬದಿಯ ಮೇಲೆ ಒತ್ತಡ ಹೆಚ್ಚಾಗಿ ಇಡೀ ಕಾಂಡ ತನ್ನ ಅಕ್ಷದ ಸುತ್ತ ತಿರುಗುತ್ತದೆ, ನಾರುಗಳು ಸುರುಳಿಯಾಗಿ ಸೀಳುತ್ತವೆ. ಸುಂಟರಗಾಳಿಯ ಅಗಲ ಹತ್ತಾರು ಮೀಟರುಗಳಿಂದ ನೂರಾರು ಮೀಟರುಗಳವರೆಗೆ ಇರುತ್ತದೆಯಾದ್ದರಿಂದ ಒಂದೇ ಕಾಂಡವನ್ನು ಹಿಡಿದು ಹಿಂಡುವಷ್ಟು ಚಿಕ್ಕ ವೃತ್ತದಲ್ಲಿ ಅದು ಸುತ್ತುವುದಿಲ್ಲ.

ಹಾನಿಯ ತೀವ್ರತೆಯಿಂದಲೂ ಈ ಪ್ರಶ್ನೆ ಬಗೆಹರಿಯುವುದಿಲ್ಲ. 'ಇದು ಬರೀ ನೇರಗಾಳಿ' ಎಂದು ಯಾರಾದರೂ ಹೇಳಿದಾಗ ಆ 'ಬರೀ' ಎಂಬ ಪದ ನನ್ನನ್ನು ಚುಚ್ಚುತ್ತದೆ. 1983ರ ಆಗಸ್ಟ್ 1ರಂದು ಅಮೆರಿಕದ ಆಂಡ್ರೂಸ್ ವಾಯುನೆಲೆಯಲ್ಲಿ, ಅಧ್ಯಕ್ಷ ರೇಗನ್ ಅವರ ವಿಮಾನ ಇಳಿದ ಕೆಲವೇ ನಿಮಿಷಗಳ ನಂತರ ಮೋಡದಿಂದ ಕೆಳಕ್ಕೆ ಕುಸಿದ ಗಾಳಿಯ ವೇಗ ಗಂಟೆಗೆ ಸುಮಾರು 240 ಕಿಲೋಮೀಟರ್ ದಾಖಲಾಯಿತು. ಅನೇಕ ಸುಂಟರಗಾಳಿಗಳು ಆ ವೇಗದ ಅರ್ಧವನ್ನಷ್ಟೇ ಮುಟ್ಟುತ್ತವೆ. ಆದ್ದರಿಂದ ನೇರಗಾಳಿ ಎಂದು ಬರೆದರೆ ಯಾರ ನಷ್ಟವನ್ನೂ ಕಡಿಮೆ ಮಾಡಿದಂತಾಗುವುದಿಲ್ಲ. ಅದನ್ನು ಮನೆ ಕಳೆದುಕೊಂಡವರಿಗೆ ನಿಧಾನವಾಗಿ, ಎದುರಿಗೆ ಕುಳಿತು ಹೇಳಬೇಕಾಗುತ್ತದೆ.

ಬಗೆಹರಿಸುವುದು ದಿಕ್ಕು. ಮರ ಬಿದ್ದಾಗ ತನ್ನನ್ನು ಬೀಳಿಸಿದ ಗಾಳಿಯ ದಿಕ್ಕನ್ನು ನೆಲದ ಮೇಲೆ ಬರೆದಿಟ್ಟು ಹೋಗುತ್ತದೆ. ಗುಡುಗು ಮೋಡದೊಳಗೆ ಮಳೆ ಮತ್ತು ಆಲಿಕಲ್ಲಿನ ಭಾರದಿಂದಲೂ, ಮಳೆಹನಿ ಆವಿಯಾಗುವಾಗ ತಣ್ಣಗಾಗುವುದರಿಂದಲೂ ಭಾರವಾದ ಗಾಳಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು ನೇರಗಾಳಿಯಾಗಿ ಹೊರಮುಖವಾಗಿ ಹರಡುತ್ತದೆ. ಇದನ್ನೇ ಡೌನ್‌ಬರ್ಸ್ಟ್ ಎನ್ನುತ್ತಾರೆ. ಅಲ್ಲಿ ಮರಗಳು ಬೀಸಣಿಗೆ ಬಿಚ್ಚಿದಂತೆ ಒಂದರಿಂದ ಒಂದು ದೂರ ಸರಿಯುವ ದಿಕ್ಕುಗಳಲ್ಲಿ ಬೀಳುತ್ತವೆ. ಸುಂಟರಗಾಳಿಯಾದರೋ ಸುತ್ತಲಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆದ್ದರಿಂದ ಎರಡೂ ಬದಿಯ ಮರಗಳು ಕಿರಿದಾದ ಒಂದು ಮಧ್ಯರೇಖೆಯ ಕಡೆಗೆ ತಲೆಮಾಡಿ ಬೀಳುತ್ತವೆ. ಬಿದ್ದ ಮರಗಳಿಂದ ಸುಂಟರಗಾಳಿಯ ರಚನೆಯನ್ನು ಓದಬಹುದೆಂದು 1920ರ ದಶಕದಲ್ಲೇ ಎಸ್ಟೋನಿಯಾದ ಹವಾಮಾನ ವಿಜ್ಞಾನಿ ಯೊಹಾನೆಸ್ ಲೆಟ್ಸ್‌ಮನ್ ಲೆಕ್ಕ ಹಾಕಿ ತೋರಿಸಿದ್ದರು. ಮುಂದೆ ಸುಂಟರಗಾಳಿಗಳ ಸಂಶೋಧಕ ತೆತ್ಸುಯಾ ಫುಜಿತಾ ಅವರು 1974ರ ಏಪ್ರಿಲ್‌ನ ಸುಂಟರಗಾಳಿಗಳ ಸಮೂಹದ ನಂತರ ಪಶ್ಚಿಮ ವರ್ಜೀನಿಯದ ಮೇಲೆ ವಿಮಾನದಲ್ಲಿ ಹಾರುತ್ತ, ಒಂದು ಕಾಡಿನಲ್ಲಿ ಮರಗಳು ನಕ್ಷತ್ರದ ಕಿರಣಗಳಂತೆ ಹೊರಮುಖವಾಗಿ ಬಿದ್ದಿದ್ದನ್ನು ಕಂಡರು. 1945ರಲ್ಲಿ ಅಣುಬಾಂಬಿನ ನಂತರ ಜಪಾನಿನಲ್ಲಿ ಅವರು ನೋಡಿದ್ದ ವಿನ್ಯಾಸವನ್ನೇ ಅದು ನೆನಪಿಸಿತು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ಅಪ್ಪಳಿಸಿದ ದುರಂತದ ತನಿಖೆಯಲ್ಲಿ ಅವರು ಡೌನ್‌ಬರ್ಸ್ಟ್ ಎಂಬ ಕಲ್ಪನೆಯನ್ನು ಮುಂದಿಟ್ಟಾಗ ಅನೇಕ ಹವಾಮಾನ ತಜ್ಞರು ಒಪ್ಪಲಿಲ್ಲ. ಹೀಗೆ ಹೊಲದಲ್ಲಿ ಬಿದ್ದ ಮರಗಳ ಕುರಿತ ಈ ವಾದಕ್ಕೆ ವಿಮಾನ ಪ್ರಯಾಣಿಕರ ಜೀವದ ಬೆಲೆಯೂ ಅಂಟಿಕೊಂಡಿದೆ. ಮರ ಎಣಿಸುವ ಕೆಲಸ ಬೇಸರ ತಂದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ನಮ್ಮ ವಿಧಾನ ಸರಳವಾದದ್ದು, ಆದರೆ ತಾಳ್ಮೆ ಬೇಡುವಂಥದ್ದು. ಪ್ರತಿ ಮರದ ಬುಡದಲ್ಲಿ ನಿಂತು ತುದಿಯ ಕಡೆಗೆ ದಿಕ್ಸೂಚಿ ಹಿಡಿದು ಕೋನ ಬರೆದುಕೊಳ್ಳುವುದು, ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸುವುದು, ಕಾಂಡದ ಸುತ್ತಳತೆ ಅಳೆಯುವುದು, ಬುಡಸಮೇತ ಕಿತ್ತಿತೋ ನಡುವೆ ಮುರಿಯಿತೋ ಎಂದು ದಾಖಲಿಸುವುದು. ತಗಡಿನ ರಾಶಿಯ ಪಕ್ಕದಲ್ಲಿ ಮೊಬೈಲಿನ ದಿಕ್ಸೂಚಿಯನ್ನು ನಂಬಬಾರದು, ಕಬ್ಬಿಣ ಅದನ್ನು ಹತ್ತಿಪ್ಪತ್ತು ಡಿಗ್ರಿ ತಪ್ಪಿಸಿಬಿಡುತ್ತದೆ. ಇಳಿಜಾರಿನಲ್ಲಿರುವ ಮರ ಗಾಳಿಗಿಂತ ಹೆಚ್ಚಾಗಿ ಇಳಿಜಾರಿನ ಮಾತನ್ನೇ ಕೇಳುತ್ತದೆ, ಒಂದು ಬದಿಯ ಬೇರು ಕೊಳೆತಿರುವ ಮರವೂ ಹಾಗೆಯೇ. ಇವುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ ಲೆಕ್ಕದಿಂದ ಹೊರಗಿಡುತ್ತೇವೆ. ಎಲ್ಲಕ್ಕಿಂತ ದೊಡ್ಡ ಎದುರಾಳಿ ಸಮಯ. ರಸ್ತೆ ತೆರವು ಮಾಡುವವರು ಗರಗಸ ಹಿಡಿದು ಬೆಳಿಗ್ಗೆಯೇ ಹೊರಟಿರುತ್ತಾರೆ, ಅವರನ್ನು ತಡೆಯುವ ಹಕ್ಕು ನಮಗಿಲ್ಲ, ತಡೆಯಲೂ ಬಾರದು.

ಮೊದಲ ದಿನ ನಾವು ರಸ್ತೆಗಳ ಗುಂಟ ನೂರಕ್ಕೂ ಹೆಚ್ಚು ಮರಗಳನ್ನು ದಾಖಲಿಸಿದೆವು. ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿತ್ತು. ನಕ್ಷೆಯ ಮೇಲೆ ಬಾಣಗಳನ್ನು ಎಳೆದಾಗ ಬಹುತೇಕ ಎಲ್ಲವೂ ಪೂರ್ವಕ್ಕೆ ಮುಖಮಾಡಿದ್ದವು. ಹಾನಿಯ ಉತ್ತರದ ಅಂಚಿನಲ್ಲಿ ತುಸು ಈಶಾನ್ಯಕ್ಕೂ ದಕ್ಷಿಣದ ಅಂಚಿನಲ್ಲಿ ತುಸು ಆಗ್ನೇಯಕ್ಕೂ ಹೊರಳಿದ್ದವು. ಎರಡು ಕಿಲೋಮೀಟರಿಗಿಂತ ಅಗಲವಾಗಿ ಹರಡಿದ, ಅಂಚು ಮಸುಕಾದ ಬೀಸಣಿಗೆ ಅದು. ನಾನು ಟಿಪ್ಪಣಿ ಪುಸ್ತಕದಲ್ಲಿ ಆ ವಾಕ್ಯ ಬರೆದದ್ದು ಆಗಲೇ. ರೇಡಾರ್ ಚಿತ್ರಗಳಲ್ಲೂ ಬಿಲ್ಲಿನಂತೆ ಮುಂದಕ್ಕೆ ಉಬ್ಬಿದ ಮಳೆಯ ಸಾಲು ಕಾಣುತ್ತಿತ್ತು, ಅದು ನೇರಗಾಳಿಯ ಪ್ರಸಿದ್ಧ ಗುರುತು. ಆದರೆ ರೇಡಾರಿನ ಅತಿ ಕೆಳಗಿನ ಕಿರಣವೂ 100 ಕಿಲೋಮೀಟರ್ ದೂರದಲ್ಲಿ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಹಾದುಹೋಗುತ್ತದೆ. ಅಲ್ಪಾಯುಷಿಯಾದ, ನೆಲಕ್ಕಂಟಿದ ಸುಂಟರಗಾಳಿಯೊಂದು ಅದರ ಕೆಳಗೆ ಹುಟ್ಟಿ ಸತ್ತರೂ ಅದಕ್ಕೆ ಕಾಣದೆ ಹೋಗಬಹುದು. ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ, ಆದರೂ ಆ ಸಂಜೆ ಅದಕ್ಕೆ ಕೊಡಬೇಕಾದ ಬೆಲೆಯನ್ನು ನಾನು ಕೊಡಲಿಲ್ಲ.

ಹೊರಡುವ ಹೊತ್ತಿಗೆ ವೃದ್ಧರೊಬ್ಬರು ಬಂದರು. ಅವರ ಮನೆಯ ಛಾವಣಿ ಹಾರಿಹೋಗಿತ್ತು. ನಕ್ಷೆಯನ್ನು ತುಂಬ ಹೊತ್ತು ನೋಡಿ, "ನೀವು ರಸ್ತೆಯಿಂದ ಕಾಣುವುದನ್ನೆಲ್ಲ ಬರೆದುಕೊಂಡಿದ್ದೀರಿ, ತೋಪಿನ ಹಿಂದಕ್ಕೆ ಹೋಗಲೇ ಇಲ್ಲವಲ್ಲ" ಎಂದರು. ಹೋಗಿರಲಿಲ್ಲ ನಿಜ. ಬಿದ್ದ ಮರಗಳು ದಾರಿ ಕಟ್ಟಿದ್ದವು, ಕತ್ತಲಾಗುತ್ತಿತ್ತು, ಮತ್ತು ನಕ್ಷೆ ಆಗಲೇ ಉತ್ತರ ಕೊಟ್ಟಿದೆಯೆಂದು ನಾನು ನಂಬಿದ್ದೆ.

ಮರುದಿನ ತೋಪಿನ ಹಿಂಬದಿಯಲ್ಲಿ ಕಂಡದ್ದು ಬೇರೆಯೇ ಚಿತ್ರ. ಸುಮಾರು 40 ಮೀಟರ್ ಅಗಲದ, ಮುಕ್ಕಾಲು ಕಿಲೋಮೀಟರಿಗೂ ಕಡಿಮೆ ಉದ್ದದ ಒಂದು ಪಟ್ಟಿಯಲ್ಲಿ ಮರಗಳು ಒತ್ತೊತ್ತಾಗಿ ನೆಲಕಚ್ಚಿದ್ದವು. ಅದರಿಂದ ಹತ್ತು ಹೆಜ್ಜೆ ಆಚೆಗೆ ಒಣಕೊಂಬೆಗಳು ಸಹ ಮುರಿಯದೆ ನಿಂತಿದ್ದವು. ಪಟ್ಟಿಯ ದಕ್ಷಿಣದ ಬದಿಯ ಮರಗಳು ಈಶಾನ್ಯಕ್ಕೆ ಬಿದ್ದಿದ್ದವು, ಉತ್ತರದ ಬದಿಯವು ದಕ್ಷಿಣಕ್ಕೆ. ಅವುಗಳಲ್ಲಿ ಕೆಲವು ನೈಋತ್ಯಕ್ಕೆ, ಅಂದರೆ ಬಿರುಗಾಳಿ ಸಾಗಿದ ದಿಕ್ಕಿಗೆ ಎದುರಾಗಿ ಬಿದ್ದಿದ್ದವು.

ನಾನು ಸುಂಟರಗಾಳಿ ಎಂದೆ, ನನ್ನ ಸಹೋದ್ಯೋಗಿ ಒಪ್ಪಲಿಲ್ಲ. ಅವರ ಆಕ್ಷೇಪ ಗಟ್ಟಿಯಾಗಿತ್ತು. ಅಕ್ಕಪಕ್ಕದಲ್ಲಿ ಎರಡು ಡೌನ್‌ಬರ್ಸ್ಟ್‌ಗಳು ಸ್ವಲ್ಪ ಹಿಂದೆಮುಂದೆ ಕುಸಿದರೆ ಅವುಗಳ ಹೊರಹರಿವು ಎದುರುಬದುರಾಗಿ ಸೇರುವ ಗೆರೆಯ ಮೇಲೂ ಮರಗಳು ಒಳಮುಖವಾಗಿ ಬೀಳಬಹುದಲ್ಲವೇ, ಮರಗಳು ಒಂದು ರೇಖೆಯ ಕಡೆಗೆ ತಲೆಮಾಡಿವೆ ಎಂಬಷ್ಟಕ್ಕೆ ಗಾಳಿ ಸುತ್ತುತ್ತಿತ್ತು ಎನ್ನುವುದು ಹೇಗೆ ಎಂದು ಅವರು ಕೇಳಿದರು. ಆ ರಾತ್ರಿ ಬಹಳ ಹೊತ್ತು ವಾದ ನಡೆಯಿತು. ಹಿಂದಿನ ದಿನ ನಾನೇ ನೇರಗಾಳಿಯ ಪರವಾಗಿದ್ದೆ, ಈಗ ಅದೇ ನಕ್ಷೆಯ ಇನ್ನೊಂದು ಮೂಲೆಯನ್ನು ಹಿಡಿದು ಎದುರು ಪಕ್ಷದಲ್ಲಿ ಕುಳಿತಿದ್ದೆ. ದಿಕ್ಕುಗಳಿಂದ ಮಾತ್ರ ಅವರ ಪ್ರಶ್ನೆಗೆ ಉತ್ತರ ಸಿಗುವಂತಿರಲಿಲ್ಲ, ಯಾವ ದಿಕ್ಕಿನ ಗಾಳಿ ಮೊದಲು ಬೀಸಿತು ಎಂಬುದು ತಿಳಿಯಬೇಕಿತ್ತು.

ಒಂದರ ಮೇಲೊಂದು ಅಡ್ಡಬಿದ್ದ ಮರಗಳು ಬೆಲೆಬಾಳುವುದು ಇಲ್ಲಿಯೇ. ಅಡಿಯಲ್ಲಿರುವುದು ಮೊದಲು ಬಿದ್ದದ್ದು, ಮೇಲಿರುವುದು ಆಮೇಲೆ ಬಿದ್ದದ್ದು. ಉತ್ತರ ಗೋಳಾರ್ಧದ ಬಹುಪಾಲು ಸುಂಟರಗಾಳಿಗಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ಅಂಥದೊಂದು ಪಶ್ಚಿಮದಿಂದ ಪೂರ್ವಕ್ಕೆ ಸಾಗುವಾಗ ಅದರ ಮುಂಭಾಗದಲ್ಲಿ ಗಾಳಿ ಉತ್ತರದ ಕಡೆಗೆ ನುಗ್ಗುತ್ತದೆ, ಹಿಂಭಾಗದಲ್ಲಿ ದಕ್ಷಿಣದ ಕಡೆಗೆ. ಆದ್ದರಿಂದ ಮಧ್ಯರೇಖೆಯಲ್ಲಿ ಮೊದಲು ಉರುಳುವ ಮರಗಳು ಉತ್ತರಕ್ಕೋ ವಾಯವ್ಯಕ್ಕೋ ಬೀಳಬೇಕು, ಅವುಗಳ ಮೇಲೆ ಬೀಳುವವು ದಕ್ಷಿಣಕ್ಕೋ ಆಗ್ನೇಯಕ್ಕೋ ಬೀಳಬೇಕು. ಎರಡು ಹೊರಹರಿವುಗಳು ಡಿಕ್ಕಿಯಾಗಿದ್ದರೆ ಯಾವುದು ಅಡಿ, ಯಾವುದು ಮೇಲೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗಬೇಕಿತ್ತು. ಒಂದು ಪಕ್ಷ ಬದಲಾಗದಿದ್ದರೂ, ಅಂಥ ಡಿಕ್ಕಿಯ ಗುರುತು 40 ಮೀಟರಿನೊಳಗೆ ಇಷ್ಟು ಚೂಪಾಗಿ ಮುಗಿಯುತ್ತಿರಲಿಲ್ಲ.

ಮೂರನೆಯ ದಿನ ನಾವು ಆ ಪಟ್ಟಿಯಲ್ಲಿ ಅಡ್ಡಬಿದ್ದ ಜೋಡಿಗಳನ್ನಷ್ಟೇ ಹುಡುಕಿದೆವು. ಸಂಶಯಕ್ಕೆ ಎಡೆಯಿಲ್ಲದ ಒಂಬತ್ತು ಜೋಡಿಗಳು ಸಿಕ್ಕವು. ಪ್ರತಿಯೊಂದರ ಬಳಿಯೂ ಸಹೋದ್ಯೋಗಿ ಮಂಡಿಯೂರಿ, ಅಡಿಯ ಕಾಂಡದ ತೊಗಟೆ ಮೇಲಿನದರ ಭಾರಕ್ಕೆ ಜಜ್ಜಿದ್ದನ್ನು ಕೈಯಿಂದ ಮುಟ್ಟಿ ನೋಡಿದರು. ಒಂಬತ್ತರಲ್ಲೂ ಅಡಿಯ ಮರ ಉತ್ತರ ಅಥವಾ ವಾಯವ್ಯಕ್ಕೆ, ಮೇಲಿನದು ಆಗ್ನೇಯಕ್ಕೆ. ಪಟ್ಟಿಯ ತುದಿಯಲ್ಲಿದ್ದ ಪಂಪ್ ಶೆಡ್ಡಿನ ನಾಲ್ಕೂ ಗೋಡೆಗಳ ಮೇಲೆ ಕೆಸರು ಮತ್ತು ಚೂರಾದ ಎಲೆಗಳು ಎರಚಿಕೊಂಡಿದ್ದವು, ಊರಿನ ಉಳಿದ ಮನೆಗಳಲ್ಲಿ ಅದು ಪಶ್ಚಿಮದ ಗೋಡೆಗೆ ಮಾತ್ರ ಮೆತ್ತಿತ್ತು. ಸಹೋದ್ಯೋಗಿ ಎದ್ದು ನಿಂತು ತಮ್ಮ ಆಕ್ಷೇಪವನ್ನು ಹಿಂದಕ್ಕೆ ಪಡೆದರು. ಅವರು ಅಷ್ಟು ಬಲವಾಗಿ ವಿರೋಧಿಸದೆ ಹೋಗಿದ್ದರೆ ಆ ಜೋಡಿಗಳನ್ನು ನಾನು ಹುಡುಕುತ್ತಿರಲಿಲ್ಲ, ವರದಿಯಲ್ಲಿ ಒಂದು ಊಹೆಯಷ್ಟೇ ಉಳಿಯುತ್ತಿತ್ತು.

ವರದಿಯಲ್ಲಿ ನಾವು ಎರಡನ್ನೂ ಬರೆದೆವು: ವಿಶಾಲವಾದ ನೇರಗಾಳಿ, ಅದರ ಒಡಲಲ್ಲೇ ಹುಟ್ಟಿ ಒಂದೆರಡು ನಿಮಿಷ ಬದುಕಿದ ಕಿರಿದಾದ ಸುಂಟರಗಾಳಿ. ಬಿಲ್ಲಿನಂತೆ ಉಬ್ಬುವ ಮಳೆಸಾಲಿನ ಮುಂಚೂಣಿಯಲ್ಲಿ ಇಂಥವು ಹುಟ್ಟುವುದು ಅಪರೂಪವಲ್ಲ. ಪರಿಷ್ಕೃತ ಫುಜಿತಾ ಮಾಪಕದಲ್ಲಿ ಅದನ್ನು ಇಎಫ್1 ಎಂದು, ಅಂದರೆ ಗಂಟೆಗೆ 138ರಿಂದ 177 ಕಿಲೋಮೀಟರ್ ವೇಗದ ವರ್ಗಕ್ಕೆ ಸೇರಿಸಿದೆವು. 2007ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ ಈ ಮಾಪಕ ಕೊಡುವುದು ಹಾನಿಯಿಂದ ಅಂದಾಜು ಮಾಡಿದ ವೇಗವನ್ನೇ ಹೊರತು ಅಳೆದ ವೇಗವನ್ನಲ್ಲ ಎಂಬ ಮಾತನ್ನೂ ಸೇರಿಸಿದೆವು. ತಗಡು ಸುತ್ತಿದ ಮರವೂ ತಿರುಚಿದ ಮರವೂ ಸುಂಟರಗಾಳಿಯ ಜಾಡಿನಿಂದ ಬಹುದೂರ, ನೇರಗಾಳಿಯ ವಲಯದಲ್ಲಿ ಇದ್ದವು.

ಆ ವೃದ್ಧರ ಮನೆಯೂ ನೇರಗಾಳಿಯ ವಲಯದಲ್ಲೇ ಇತ್ತು. ಹೊರಡುವ ಮುನ್ನ ಅವರ ಬಳಿ ಕುಳಿತು ಅದನ್ನು ಹೇಳಿದೆ: ಸುಂಟರಗಾಳಿ ಬಂದದ್ದು ನಿಜ, ನೀವು ತೋರಿಸಿದ ಕಡೆಯೇ ಬಂದಿತ್ತು, ಆದರೆ ನಿಮ್ಮ ಛಾವಣಿಯನ್ನು ಕೊಂಡೊಯ್ದದ್ದು ಅದಲ್ಲ. ಪಶ್ಚಿಮದ ಕಿಟಕಿ ಒಡೆದು ಒಳನುಗ್ಗಿದ ಗಾಳಿ ಕೆಳಗಿನಿಂದ ತಳ್ಳಿತು, ಮೇಲೆ ಹಾಯ್ದ ಗಾಳಿ ಎತ್ತಿತು ಎಂದು ವಿವರಿಸಿದೆ. ಅವರು ಮರುಮಾತಾಡದೆ ನಕ್ಷೆಯನ್ನು ಕೈಗೆ ತೆಗೆದುಕೊಂಡು ತಮ್ಮ ಹಿತ್ತಿಲಿನ ಬಾಣಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಉತ್ತರಕ್ಕೆ ಮುಖಮಾಡಿದ್ದ ಒಂದು ಬಾಣದ ಬಳಿ ಬೆರಳು ನಿಂತಿತು. "ಇದು ಗಾಳಿಗೆ ಬಿದ್ದದ್ದಲ್ಲ. ಮನೆಯ ಮೇಲೆ ವಾಲಿತ್ತು, ನೀವು ಬರುವ ಮುಂಚೆ ನನ್ನ ಮಗನೇ ಹಗ್ಗ ಕಟ್ಟಿ ಆ ಕಡೆಗೆ ಎಳೆದು ಬೀಳಿಸಿದ" ಎಂದರು. ನಾನು ಆ ಬಾಣವನ್ನು ಅಳಿಸಿದೆ. ಆಮೇಲೆ ಅವರನ್ನೇ ಜೊತೆಗೆ ಕರೆದುಕೊಂಡು, ಆ ಬೀದಿಯ ಉಳಿದ ಬಾಣಗಳನ್ನು ಮನೆಮನೆಗೆ ಹೋಗಿ ಕೇಳಿ ಖಚಿತಪಡಿಸಿಕೊಳ್ಳಲು ಹೊರಟೆ.