ಬಿಗಿಯಾಗಿದ್ದ ಮಲ್ಟಿಟೂಲ್ ಚಾಕು ಸಡಿಲವಾಗಿದ್ದು ಹೀಗೆ

ನನ್ನ ಮೊದಲ ಮಲ್ಟಿಟೂಲ್ ಚಾಕು (ಅಲಗು, ಕತ್ತರಿಯಂಥ ಹಲವು ಉಪಕರಣ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವಂಥದ್ದು) ವರ್ಷಗಟ್ಟಲೆ ಜೇಬಲ್ಲೇ ಇತ್ತು. ಕೊನೆಗೆ ಕತ್ತರಿ ಹೊರಗೇ ಬರುತ್ತಿರಲಿಲ್ಲ, ಅಲಗು ಅರ್ಧಕ್ಕೇ ನಿಲ್ಲುತ್ತಿತ್ತು.

ಸಡಿಲ ಮಾಡಲು ಮೊದಲು ಹಾಕಿದ ಅಡುಗೆ ಎಣ್ಣೆ ಸ್ವಲ್ಪ ದಿನದಲ್ಲೇ ಅಂಟಾಯಿತು. ಹೊಲಿಗೆ ಮೆಷಿನ್ ಎಣ್ಣೆ ಹಾಕಿದರೆ ಒಳಗಿನ ಧೂಳು ಕೆಸರಾಯಿತು ಅಷ್ಟೇ. ಇಕ್ಕಳದಿಂದ ಎಳೆದರೂ ಆಗಲಿಲ್ಲ.

ಕೊಳೆ ಮೊದಲು ಹೋಗಬೇಕು, ಎಣ್ಣೆ ಆಮೇಲೆ. ಹಿಡಿಯಲ್ಲಿ ಸಿಕ್ಕಿಸಿರುವ ಟೂತ್‌ಪಿಕ್, ಚಿಮುಟ ಇದ್ದರೆ ಹೊರಗೆ ತೆಗೆದಿಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚಾಕುವನ್ನು 15 ನಿಮಿಷ ನೆನೆಸಿ. ನೀರಿನೊಳಗೇ ಒಂದೊಂದು ಉಪಕರಣವನ್ನೂ ತೆರೆದು ಮುಚ್ಚಿ. ನೀರು ಕಪ್ಪಾದರೆ ಬದಲಿಸಿ, ಕಪ್ಪು ನಿಲ್ಲುವವರೆಗೂ ಬಿಡಬೇಡಿ. ಸ್ಪ್ರಿಂಗ್ ಸಂದಿಯನ್ನು ಹಳೆ ಬ್ರಷ್‌ನಿಂದ ಉಜ್ಜಿ. ಎಲ್ಲವನ್ನೂ ಅರ್ಧ ತೆರೆದು ರಾತ್ರಿಯಿಡೀ ಒಣಗಿಸಿ. ತೇವ ಉಳಿದರೆ ತುಕ್ಕು ಹಿಡಿಯಬಹುದು. ಕೊನೆಗೆ ಪ್ರತಿ ಕೀಲಿಗೂ ಮೆಷಿನ್ ಎಣ್ಣೆ ಒಂದೇ ಹನಿ. ಜಾಸ್ತಿ ಆಗಿದ್ದನ್ನು ಒರೆಸಿ.

ಹಿಡಿ ಮರದ್ದಾದರೆ ನೆನೆಸಬೇಡಿ.