ಅಫಿಲಿಯೇಟ್ ಕೆಲಸಕ್ಕೆ ಸ್ವಂತ ಡೊಮೈನ್: ಕಲಬುರಗಿಯಿಂದ ನನ್ನ ಅನುಭವ

ಅಫಿಲಿಯೇಟ್ ಅಂದರೆ ಕಂಪನಿಯ ವಸ್ತುವಿಗೆ ಲಿಂಕ್ ಕೊಟ್ಟು, ಅದರಿಂದ ಯಾರಾದರೂ ಕೊಂಡರೆ ಕಮಿಷನ್ ಪಡೆಯುವ ಕೆಲಸ. ಕಂಪನಿಗಳು ಇದಕ್ಕೆಂದು ನಡೆಸುವ ಯೋಜನೆಗೆ ಪ್ರೋಗ್ರಾಂ ಅನ್ನುತ್ತಾರೆ. ಇದನ್ನು ಶುರು ಮಾಡುವವರು ಮೊದಲು ಕೇಳುವುದು ಯಾವ ಕಂಪನಿ ಕಮಿಷನ್ ಜಾಸ್ತಿ ಕೊಡುತ್ತದೆ ಅಂತ. ಅದು ಆಮೇಲಿನ ಮಾತು. ಮೊದಲು ನಿಮ್ಮದೇ ಒಂದು ಡೊಮೈನ್ ಹೆಸರು, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸೈಟಿನ ವಿಳಾಸ, ತಗೊಳ್ಳಿ. ಕಮಿಷನ್ ದರ ಇವತ್ತಿದ್ದಂತೆ ನಾಳೆ ಇರುವುದಿಲ್ಲ, ಪ್ರೋಗ್ರಾಂಗಳು ನಿಂತುಹೋಗುತ್ತವೆ, ಆ್ಯಪ್‌ಗಳು ಬರುತ್ತವೆ ಹೋಗುತ್ತವೆ. ಓದುಗರು ನಿಮ್ಮನ್ನು ಹುಡುಕಿಕೊಂಡು ಬರುವ ವಿಳಾಸವಾದರೂ ನಿಮ್ಮ ಕೈಯಲ್ಲಿರಬೇಕು ಅಲ್ವಾ?

ನಾನಿರುವುದು ಕಲಬುರಗಿಯಲ್ಲಿ. ಬರೆಯುವುದು ಕೂಲರ್, ಪಂಪು, ಸ್ಟೆಬಿಲೈಸರ್, ಮಿಕ್ಸರ್ ಇಂಥವುಗಳ ಬಗ್ಗೆ, ಕನ್ನಡದಲ್ಲೇ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆದರೆ ಗಾಳಿ ಒಣಗಿರುತ್ತದೆ, ಪ್ಯಾಡಿನ ನೀರು ಬೇಗ ಆವಿಯಾಗುತ್ತದೆ, ಅದಕ್ಕೇ ನಮ್ಮಲ್ಲಿ ಕೂಲರ್ ಅಷ್ಟು ಚೆನ್ನಾಗಿ ತಂಪು ಮಾಡುತ್ತದೆ. ಅದೇ ಕೂಲರ್ ಮಂಗಳೂರಿನಲ್ಲಿಟ್ಟರೆ ಮೈಯೆಲ್ಲ ಅಂಟಂಟು. ನಮ್ಮ ಕಡೆಯ ಇನ್ನೊಂದು ಕಾಟ ಬೋರಿನ ಸವಳು ನೀರು. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಹನಿಕೋಂಬ್ ಪ್ಯಾಡಿನ ತೂತುಗಳ ಬಾಯಿಗೆ ಬಿಳಿ ಪದರ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರುತ್ತದೆ, ಗಾಳಿ ಅರ್ಧಕ್ಕರ್ಧ ನಿಂತುಹೋಗುತ್ತದೆ. ಕೂಲರ್ ಕೆಟ್ಟಿತು ಅಂತ ಹೊಸದು ತರಲು ಹೋಗುತ್ತಾರೆ, ಬದಲಾಯಿಸಬೇಕಾದದ್ದು ಪ್ಯಾಡ್ ಮಾತ್ರ. ಇದನ್ನು ಫೋಟೋ ತೆಗೆದು ಬರೆದೆ. ಸೇಡಂ, ಶಹಾಪುರ, ಸುರಪುರ, ಭಾಲ್ಕಿಯಿಂದೆಲ್ಲ ಇವತ್ತಿಗೂ ಅದನ್ನು ಓದಲು ಮಂದಿ ಬರುತ್ತಾರೆ. ಪ್ಯಾಡ್, ಪಂಪು ನನ್ನ ಲಿಂಕಿನಿಂದ ತಗೊಂಡರೆ ನನಗೊಂದಿಷ್ಟು ಕಮಿಷನ್.

ಮೊದಮೊದಲು ಇದೆಲ್ಲ ಒಂದು ಸೋಷಿಯಲ್ ಮೀಡಿಯಾ ಪೇಜಿನಲ್ಲಿ ಮತ್ತು ವಾಟ್ಸಾಪ್ ಗ್ರೂಪುಗಳಲ್ಲಿ ನಡೆಯುತ್ತಿತ್ತು. ಕಂಪನಿ ಕೊಟ್ಟ ಉದ್ದನೆಯ ಲಿಂಕನ್ನು ಹಾಗೇ ಅಂಟಿಸುವುದು, ಮಂದಿ ಫಾರ್ವರ್ಡ್ ಮಾಡುವುದು. ಒಂದು ಬೇಸಿಗೆಯ ನಡುವೆ, ನಾನು ಸೇರಿದ್ದ ಒಂದು ಪ್ರೋಗ್ರಾಂ ನಿಂತುಹೋಯಿತು. ಪೇಜಿನಲ್ಲಿದ್ದ ಪೋಸ್ಟುಗಳನ್ನು ಒಂದೊಂದಾಗಿ ತಿದ್ದಬಹುದಿತ್ತು. ಆದರೆ ಯಾವ ಊರಿನ ಯಾವ ಗ್ರೂಪಿಗೋ ಹೋಗಿ ಕೂತ ಮೆಸೇಜನ್ನು ಹೇಗೆ ತಿದ್ದುತ್ತೀರಿ? ಅದನ್ನು ಒತ್ತಿದವರಿಗೆ ಖಾಲಿ ಪುಟ. ಆಮೇಲೇ ನಾನು ಡೊಮೈನ್ ತಗೊಂಡದ್ದು.

ಈಗ ಹೀಗೆ ಮಾಡುತ್ತೇನೆ. ಹೊರಗೆ ಎಲ್ಲೇ ಹಂಚಿದರೂ ನನ್ನ ಡೊಮೈನಿನ ಲಿಂಕನ್ನೇ ಹಂಚುತ್ತೇನೆ. ಅದು ನನ್ನ ಬರಹಕ್ಕೇ ಬರುತ್ತದೆ. ಬರಹದೊಳಗಿನ ಖರೀದಿ ಬಟನ್ ಕೂಡ ನನ್ನದೇ ಒಂದು ಚಿಕ್ಕ ವಿಳಾಸ: ನನ್ನ ಡೊಮೈನ್, ಸ್ಲ್ಯಾಶ್, ಗೋ, ಸ್ಲ್ಯಾಶ್, ಪ್ಯಾಡ್. ಅದನ್ನು ಒತ್ತಿದರೆ ಸರ್ವರ್, ಅಂದರೆ ನನ್ನ ಸೈಟ್ ಇರುವ ಕಂಪ್ಯೂಟರ್, ಓದುಗರನ್ನು ಅಂಗಡಿಯ ಪುಟಕ್ಕೆ ಕಳಿಸುತ್ತದೆ, ಇದಕ್ಕೇ ರೀಡೈರೆಕ್ಟ್ ಅನ್ನುವುದು. ನಾಳೆ ಆ ಅಂಗಡಿ ಪ್ರೋಗ್ರಾಂ ನಿಲ್ಲಿಸಿದರೆ ಒಂದೇ ಕಡೆ ಒಂದು ಸಾಲು ಬದಲಾಯಿಸಿದರೆ ಮುಗಿಯಿತು, ಹೋದ ವರ್ಷ ಫಾರ್ವರ್ಡ್ ಆದ ಮೆಸೇಜಿನಿಂದ ಬಂದವರೂ ಹೊಸ ಅಂಗಡಿಗೇ ಹೋಗುತ್ತಾರೆ. ಇಲ್ಲಿ 301 ಎಂಬ ಬಗೆಯ ರೀಡೈರೆಕ್ಟ್ ಬಳಸಬೇಡಿ, 302 ಎಂಬ ಬಗೆಯದನ್ನು ಬಳಸಿ. 301 ಅಂದರೆ ಶಾಶ್ವತ ಬದಲಾವಣೆ, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದೆ ನಿಮ್ಮನ್ನು ಕೇಳದೆಯೇ ಹಳೇ ಜಾಗಕ್ಕೆ ಹೋಗಿಬಿಡಬಹುದು. 302 ತಾತ್ಕಾಲಿಕ, ಪ್ರತಿ ಸಲ ನಿಮ್ಮ ಸರ್ವರನ್ನು ಕೇಳಿಯೇ ಮುಂದೆ ಹೋಗುತ್ತದೆ. ಒಂದು ಎಚ್ಚರ: ಎಲ್ಲ ಕಂಪನಿಗಳೂ ಇದನ್ನು ಒಪ್ಪುವುದಿಲ್ಲ. ಲಿಂಕ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮುಚ್ಚಿಡಬಾರದು ಎಂಬ ನಿಯಮ ಅಮೆಜಾನ್‌ನಲ್ಲಿದೆ. ಅದಕ್ಕೆ ಅಲ್ಲಿನ ಲಿಂಕುಗಳನ್ನು ಬರಹದಲ್ಲಿ ನೇರವಾಗಿಯೇ ಕೊಡುತ್ತೇನೆ, ಉಳಿದ ಪ್ರೋಗ್ರಾಂಗಳಿಗೂ ನಿಯಮ ಓದಿಯೇ ರೀಡೈರೆಕ್ಟ್ ಹಾಕುತ್ತೇನೆ.

ಜೇವರ್ಗಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನೂ ಇದೇ ಕೆಲಸಕ್ಕೆ ಇಳಿದಿದ್ದಾನೆ. ಅವನ ವಾದವೇ ಬೇರೆ. "ಅಣ್ಣಾ, ನನ್ನ ರೀಲ್ಸ್ ಸಾವಿರಾರು ಮಂದಿ ನೋಡ್ತಾರ, ಡೊಮೈನಿಗೆ ರೊಕ್ಕ ಯಾಕ ಹಾಕಬೇಕು?" ನಾನು ಅವನಿಗೆ 2020ರ ಜೂನ್ 29 ನೆನಪಿಸಿದೆ. ಅವತ್ತು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಬೆಳಗಾಗುವುದರೊಳಗೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ಲಾವಣಿಗೆ ಹಿಡಿದ ಹೊಲದಲ್ಲಿ ಯಾರಾದರೂ ಸ್ವಂತ ದುಡ್ಡು ಹಾಕಿ ಬಾವಿ ತೋಡಿಸುತ್ತಾರಾ ತಮ್ಮಾ, ಅಂತ ಕೇಳಿದೆ. ರೀಲ್ಸ್ ಬಿಡು ಅಂತ ನಾನು ಹೇಳುವುದಿಲ್ಲ, ಮಂದಿ ಸಿಗುವುದು ಅಲ್ಲೇ. ಸಿಕ್ಕವರನ್ನು ನಿನ್ನ ವಿಳಾಸಕ್ಕೆ ಕರೆದುಕೊಂಡು ಬಾ ಅನ್ನುತ್ತೇನೆ. ಪುಕ್ಕಟೆ ಲಿಂಕ್ ಕಿರಿದು ಮಾಡುವ ಸೇವೆಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಗೂಗಲ್‌ನಂಥ ಗೂಗಲ್ಲೇ ತನ್ನ ಗೂ.ಜಿಎಲ್ ಸೇವೆಯನ್ನು ಮುಚ್ಚುವುದಾಗಿ 2018ರಲ್ಲಿ ಹೇಳಿತಲ್ಲ.

ಇನ್ನೊಂದು ಲಾಭ ನನಗೆ ನಿಧಾನವಾಗಿ ಗೊತ್ತಾಯಿತು. ಕೂಲರ್ ಅನ್ನುವುದು ನೋಡಿದ ಕೂಡಲೇ ಕೊಳ್ಳುವ ವಸ್ತು ಅಲ್ಲ. ರಾತ್ರಿ ನನ್ನ ಬರಹ ಓದುತ್ತಾರೆ, ಮನೆಯಲ್ಲಿ ಕೇಳುತ್ತಾರೆ, ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ನಾಲ್ಕು ಅಂಗಡಿಯಲ್ಲಿ ರೇಟು ವಿಚಾರಿಸುತ್ತಾರೆ, ಸಂಬಳ ಬಂದ ಮೇಲೆ ತಗೊಳ್ಳುತ್ತಾರೆ. ಅಮೆಜಾನ್ ಲಿಂಕಿನ ಕುಕಿ, ಅಂದರೆ ಓದುಗರು ನನ್ನ ಲಿಂಕಿನಿಂದ ಬಂದರು ಅಂತ ಬ್ರೌಸರಿನಲ್ಲಿ ಉಳಿಯುವ ಗುರುತು, ನಡೆಯುವುದು 24 ಗಂಟೆ. ಅಷ್ಟರೊಳಗೆ ಓದುಗರು ಅದನ್ನು ಕಾರ್ಟಿಗಾದರೂ ಹಾಕದಿದ್ದರೆ ಆ ಕ್ಲಿಕ್ಕು ಲೆಕ್ಕಕ್ಕಿಲ್ಲ. ಹಾಗಾಗಿ ಕೊಳ್ಳುವ ದಿನ ಅವರಿಗೆ ನನ್ನ ಸೈಟಿನ ಹೆಸರು ನೆನಪಾಗಬೇಕು, ಟೈಪ್ ಮಾಡಿ ಮತ್ತೆ ಬರಬೇಕು. ಯಾರದೋ ಪುಕ್ಕಟೆ ಜಾಗದಲ್ಲಿ ನಿಮ್ಮ ಹೆಸರು, ಅವರ ಹೆಸರು, ನಡುವೆ ಅಂಕಿ, ಹೀಗೆ ಉದ್ದಕ್ಕೆ ಇರುವ ವಿಳಾಸ ಯಾರ ತಲೆಯಲ್ಲಿ ಉಳಿಯುತ್ತದೆ?

ಅದಕ್ಕೇ ಹೆಸರು ಆರಿಸುವಾಗ ನಾನು ಒಂದೇ ಪರೀಕ್ಷೆ ಮಾಡಿದ್ದು. ನಮ್ಮ ಅಕ್ಕನಿಗೆ ಫೋನ್ ಮಾಡಿ ಹೆಸರು ಹೇಳಿದೆ, ಬರೆದುಕೊಂಡು ವಾಪಸ್ ಕಳಿಸಕ್ಕಾ ಅಂದೆ. ಸ್ಪೆಲಿಂಗ್ ತಪ್ಪಿದ ಹೆಸರುಗಳನ್ನೆಲ್ಲ ಬಿಟ್ಟೆ. ಅಡ್ಡಗೆರೆ ಬೇಡ, ಅಂಕಿ ಬೇಡ. ಹೆಸರಿನಲ್ಲಿ ಕೂಲರ್ ಅನ್ನುವ ಪದವನ್ನೂ ಇಡಲಿಲ್ಲ, ಯಾಕೆಂದರೆ ಮಳೆ ಬಿದ್ದ ಮೇಲೆ ನಾನು ಮಿಕ್ಸರ್ ಬಗ್ಗೆ ಬರೆಯಬೇಕು. ಕಂಪನಿಗಳ ಬ್ರ್ಯಾಂಡ್ ಹೆಸರನ್ನಂತೂ ಡೊಮೈನಿನಲ್ಲಿ ಸೇರಿಸಲೇಬೇಡಿ. ಅಮೆಜಾನ್ ಹೆಸರನ್ನು ಸ್ವಲ್ಪ ತಿರುಚಿ ಸೇರಿಸಿದರೂ ಅವರ ಪ್ರೋಗ್ರಾಂ ನಿಯಮಕ್ಕೆ ವಿರುದ್ಧ, ಟ್ರೇಡ್‌ಮಾರ್ಕ್ ಇದ್ದವರು ದೂರು ಕೊಟ್ಟರೆ ಡೊಮೈನೇ ಕೈ ತಪ್ಪಬಹುದು. ನಾನು ತಗೊಂಡದ್ದು ಡಾಟ್ ಇನ್. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಕೂಡ ಸಿಗುತ್ತದೆ, ನೋಡಲು ಬಹಳ ಚಂದ, ಆದರೆ ನನ್ನ ಓದುಗರಲ್ಲಿ ಜಾಸ್ತಿ ಮಂದಿ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತುತ್ತಾರೆ.

ಸೈಟಿನ ಫೈಲುಗಳನ್ನು ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿಯನ್ನು ನಾನು ಬದಲಾಯಿಸಿದ್ದೇನೆ. ಓದುಗರಿಗೆ ಅದು ಗೊತ್ತೇ ಆಗಲಿಲ್ಲ. ಫೈಲುಗಳನ್ನು ಹೊಸ ಜಾಗಕ್ಕೆ ಹಾಕಿ, ಹೆಸರು ಒತ್ತಿದವರು ಯಾವ ಸರ್ವರಿಗೆ ಹೋಗಬೇಕು ಅಂತ ತೋರಿಸುವ ಡೊಮೈನಿನ ನೇಮ್‌ಸರ್ವರ್ ಬದಲಾಯಿಸಿದೆ, ಎಲ್ಲ ಕಡೆ ಅದು ಹರಡುವವರೆಗೆ ಹಳೆಯದನ್ನೂ ನಡೆಸಿದೆ, ಅಷ್ಟೇ. ಗೂಗಲ್ ಹುಡುಕಾಟದಲ್ಲಿ ಇದ್ದ ಜಾಗವೂ ಹೋಗಲಿಲ್ಲ, ಬೇರೆಯವರು ಕೊಟ್ಟ ಲಿಂಕುಗಳೂ ಹಾಗೇ ಉಳಿದವು. ಅದೇ ಹೆಸರಿನಲ್ಲಿ ಇಮೇಲ್ ಕೂಡ ಮಾಡಿಕೊಂಡೆ. ಪ್ರೋಗ್ರಾಂಗಳಿಗೆ ಅರ್ಜಿ ಹಾಕುವಾಗ ಸೈಟು ಮತ್ತು ಇಮೇಲ್ ಒಂದೇ ಹೆಸರಿನದಾದರೆ ಆ ಕಡೆಯವರಿಗೂ ಸುಮ್ನೆ ಬಂದವರಲ್ಲ ಅನ್ನಿಸುತ್ತದೆ. ಈ ಬರಹದಿಂದ ನನಗೆ ಕಮಿಷನ್ ಬರುತ್ತದೆ ಅನ್ನುವ ಸಾಲನ್ನು ಬರಹದ ನೆತ್ತಿಯ ಮೇಲೇ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಹಾಕುವುದಕ್ಕೂ ನನ್ನದೇ ಸೈಟಿನಲ್ಲಿ ಯಾರ ಅಡ್ಡಿಯೂ ಇಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇಂಥ ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕು ಅನ್ನುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಮೊದಲ ವರ್ಷದ ಆಫರ್ ಅಲ್ಲ, ಎರಡನೇ ವರ್ಷದ ರಿನ್ಯೂವಲ್ ರೇಟು, ಅಂದರೆ ಡೊಮೈನ್ ಉಳಿಸಿಕೊಳ್ಳಲು ಮತ್ತೆ ಕಟ್ಟಬೇಕಾದ ದುಡ್ಡು. ಮತ್ತೆ, ರಿಜಿಸ್ಟ್ರಾರ್, ಅಂದರೆ ಡೊಮೈನ್ ಮಾರುವ ಕಂಪನಿಯ ಹತ್ತಿರ ಇರುವ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಮೊಬೈಲ್ ನಂಬರಿನಲ್ಲೇ ಇರಬೇಕು. ನನಗೆ ಗೊತ್ತಿರುವ ಒಬ್ಬ ಬಟ್ಟೆ ಅಂಗಡಿಯವರ ಡೊಮೈನ್, ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲಿತ್ತು. ಅವನು ಪುಣೆಗೆ ಹೋದ, ಫೋನ್ ಎತ್ತುವುದು ನಿಲ್ಲಿಸಿದ. ದುಡ್ಡು ಕೊಟ್ಟವರು ಇವರು, ಹೆಸರು ಮಾತ್ರ ಅವನದು. ಡೊಮೈನನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬೇಕಾದ ಟ್ರಾನ್ಸ್‌ಫರ್ ಕೋಡ್ ಸಿಗುವುದೂ ಖಾತೆ ಇದ್ದವನಿಗೇ.

ಆಟೋ ರಿನ್ಯೂವಲ್ ಹಾಕಿದ್ದೇನೆ ಅಂತ ನಿಶ್ಚಿಂತೆಯಿಂದ ಇರಬೇಡಿ. 2021ರ ಅಕ್ಟೋಬರ್‌ನಿಂದ ಕಾರ್ಡಿನ ಆಟೋ ಡೆಬಿಟ್‌ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಿದೆ, ವಿದೇಶಿ ಕಂಪನಿಗಳಿಗೆ ಹೋಗಬೇಕಾದ ದುಡ್ಡು ಎಷ್ಟೋ ಸಲ ಹೋಗುವುದೇ ಇಲ್ಲ. ನಾನು ಯುಪಿಐ ತಗೊಳ್ಳುವ ರಿಜಿಸ್ಟ್ರಾರ್ ಹತ್ತಿರ ಇಟ್ಟುಕೊಂಡು, ಒಂದೇ ಸಲಕ್ಕೆ ಕೆಲವು ವರ್ಷಗಳ ದುಡ್ಡು ಕಟ್ಟಿಬಿಡುತ್ತೇನೆ. ಹತ್ತು ವರ್ಷದವರೆಗೆ ಹಾಗೆ ಕಟ್ಟಬಹುದು.