ಶಾಲೆಗೆ ಬ್ಯಾಲೆ ಒಯ್ಯುತ್ತೀರಾ? ಮೊದಲು ನೆಲ ಗುದ್ದಿ ನೋಡಿ

ನಮ್ಮದು ಸಣ್ಣ ಬ್ಯಾಲೆ ತಂಡ. ಕುಣಿಯುವವರು ಆರೇಳು ಜನ, ಉಳಿದದ್ದೆಲ್ಲ ನನ್ನ ತಲೆ ಮೇಲೆ. ಶಾಲೆಗಳಿಗೆ ಫೋನ್ ಮಾಡುವುದು, ವ್ಯಾನ್ ತುಂಬುವುದು, ಸ್ಪೀಕರ್ ಹೊರುವುದು, ಎಲ್ಲ. ನಿಮ್ಮ ತಂಡವೂ ಶಾಲೆಗಳಿಗೆ ಹೋಗುವ ಯೋಚನೆಯಲ್ಲಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಂಗಮಂದಿರದ ಪ್ರದರ್ಶನವನ್ನೇ ಕತ್ತರಿಸಿ ಚಿಕ್ಕದು ಮಾಡಿ ಒಯ್ಯಬೇಡಿ. ಶಾಲೆಯಲ್ಲಿ ಲೈಟಿಂಗ್ ಇಲ್ಲ, ಪರದೆ ಇಲ್ಲ, ಸೆಟ್ ಇಲ್ಲ. ಇರುವ ಲಾಭ ಒಂದೇ. ಮಕ್ಕಳು ಎರಡು ಮಾರು ದೂರದಲ್ಲಿ ಕೂತಿರುತ್ತಾರೆ. ಅವರಿಗೆ ಏದುಸಿರು ಕೇಳಿಸುತ್ತದೆ, ಬೆವರು ಕಾಣಿಸುತ್ತದೆ. ಟಿಕೆಟ್ ಕೊಟ್ಟು ಹಿಂದಿನ ಸಾಲಲ್ಲಿ ಕೂತವರಿಗೆ ಇದು ಸಿಗುವುದಿಲ್ಲ, ಅಲ್ವಾ?

ದಿನಾಂಕ ಒಪ್ಪಿಕೊಳ್ಳುವ ಮುಂಚೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಫೋಟೊದಲ್ಲಿ ಎಲ್ಲ ನೆಲವೂ ಹೊಳೆಯುತ್ತದೆ, ಅಡಿಯಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಹಿಮ್ಮಡಿಯಿಂದ ಗುದ್ದಿ ನೋಡಿ. ಮರದ ಹಲಗೆ ಇದ್ದು, ಅದರಡಿ ಟೊಳ್ಳಿದ್ದರೆ ದನಿ ತುಂಬಿಕೊಂಡು ಬರುತ್ತದೆ, ಪಾದಕ್ಕೂ ಸ್ವಲ್ಪ ಪುಟಿದಂತೆ ಅನಿಸುತ್ತದೆ. ಕಾಂಕ್ರೀಟಿನ ಮೇಲೆ ಟೈಲ್ಸ್ ಆದರೆ ಟಪ್ ಅಂತ ಸತ್ತ ದನಿ. ಅಂಥ ನೆಲ ಜಿಗಿತದ ಪೆಟ್ಟನ್ನು ಒಂಚೂರೂ ಹೀರಿಕೊಳ್ಳುವುದಿಲ್ಲ, ಎಲ್ಲವೂ ಕಣಕಾಲಿಗೆ, ಮೊಣಕಾಲಿಗೆ. ಅಲ್ಲಿ ದೊಡ್ಡ ಜಿಗಿತಗಳನ್ನು ಬಿಟ್ಟುಬಿಡಿ, ಮೆತ್ತನೆ ಶೂ ಹಾಕಿ ಮಾಡುವ ನೃತ್ಯಗಳನ್ನೇ ಆರಿಸಿ. ‘ಒಂದು ದಿನಕ್ಕೆ ಏನಾಗುತ್ತೆ ಬಿಡಿ’ ಅಂತ ಹೆಡ್‌ಮಾಸ್ಟರು ಅಂದರೂ ಕರಗಬೇಡಿ. ಕಾಲು ಅವರದಲ್ಲ.

ಡಾನ್ಸ್ ವಿನೈಲ್ ಅಂದರೆ ಕುಣಿಯಲು ನೆಲದ ಮೇಲೆ ಹಾಸುವ ಹಾಳೆ. ಅದನ್ನು ಹಾಸಿದರೆ ನೆಲ ಮೆತ್ತಗಾಗುತ್ತದೆ ಅಂದುಕೊಂಡವರು ಬಹಳ ಜನ. ಆಗುವುದಿಲ್ಲ. ಅದು ಜಾರದ ಹಾಗೆ ಹಿಡಿತ ಕೊಡುತ್ತದೆ, ಅಷ್ಟೇ. ಹಾಸುವ ಮುಂಚೆ ಗುಡಿಸಿ, ಒಂದೊಂದು ಕಲ್ಲಿನ ಚೂರೂ ತೆಗೆಯಿರಿ. ಎರಡು ಪಟ್ಟಿ ಸೇರುವ ಕಡೆ ಉದ್ದಕ್ಕೂ ಟೇಪ್ ಹಾಕಿ. ಶೂ ಜಾರದಿರಲಿ ಅಂತ ಬಳಸುವ ರಾಳದ ಪುಡಿಯನ್ನು ಮಾತ್ರ ಶಾಲೆಯ ನೆಲದ ಮೇಲೆ ಚೆಲ್ಲಬೇಡಿ. ಆಮೇಲೆ ಅಂಟಂಟು ಅಂತ ಬೈಸಿಕೊಳ್ಳುವುದು ನೀವೇ. ಜೊತೆಗಾರರನ್ನು ಎತ್ತಿ ಹಿಡಿಯುವ ನೃತ್ಯವಿದ್ದರೆ ತಲೆ ಎತ್ತಿ ಮೇಲೂ ನೋಡಿ, ಏನೇನು ತೂಗುತ್ತಿದೆ ಅಂತ.

ಇನ್ನು ಮಕ್ಕಳನ್ನು ಕೂರಿಸುವುದು. ಬ್ಯಾಲೆಯಲ್ಲಿ ಅರ್ಧ ಕೆಲಸ ಪಾದದ್ದು. ಸಮತಟ್ಟು ಹಾಲ್‌ನಲ್ಲಿ ಮೂರನೇ ಸಾಲಿನಿಂದಾಚೆ ಪಾದವೇ ಕಾಣಿಸುವುದಿಲ್ಲ. ಅದಕ್ಕೇ ನಾನು ಸಾಲು ಮಾಡಿಸುವುದಿಲ್ಲ. ಮೂರು ಕಡೆ ಸುತ್ತ ಕೂರಿಸುತ್ತೇನೆ: ಪುಟ್ಟವರು ನೆಲದ ಮೇಲೆ, ಅವರ ಹಿಂದೆ ಬೆಂಚು, ಬೆಂಚಿನ ಹಿಂದೆ ನಿಂತ ದೊಡ್ಡ ಮಕ್ಕಳು. ವೀಲ್‌ಚೇರ್‌ನಲ್ಲಿರುವ ಮಗುವಿಗೆ ಬದಿಯಲ್ಲಿ, ಮುಂದೆ ಜಾಗ. ಹಾಲ್‌ನಲ್ಲಿ ಎತ್ತರದ ವೇದಿಕೆ ಇದ್ದರೂ ಬೇಡ ಅನ್ನಿ. ಸಾಮಾನ್ಯವಾಗಿ ಅದು ಇಕ್ಕಟ್ಟು, ಜತೆಗೆ ಮಕ್ಕಳಿಂದ ದೂರ.

ಸಮಯ ಪ್ರಶ್ನೋತ್ತರ ಸೇರಿ ಮುಕ್ಕಾಲು ಗಂಟೆ ಸಾಕು, ಪುಟ್ಟ ಮಕ್ಕಳಿಗೆ ಇನ್ನೂ ಕಡಿಮೆ. ಸ್ವಾಗತ ಭಾಷಣದಿಂದ ಶುರು ಮಾಡಬೇಡಿ. ಮಕ್ಕಳು ಒಳಗೆ ಬರುವಾಗಲೇ ನರ್ತಕರು ಹಳೇ ಸ್ವೆಟರ್ ಹಾಕಿಕೊಂಡು, ಬಾರ್ (ಕೈ ಆಧಾರಕ್ಕೆ ಇರುವ ಅಡ್ಡ ಕಂಬಿ) ಹಿಡಿದು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರಲಿ. ಮಂಡಿ ಬಗ್ಗಿಸುವುದು, ಪಾದ ನೆಲಕ್ಕೆ ಉಜ್ಜುತ್ತಾ ಚಾಚುವುದು, ಅದನ್ನೇ ಮತ್ತೆ ಮತ್ತೆ. ಗದ್ದಲ ತಾನಾಗಿಯೇ ಇಳಿಯುತ್ತದೆ.

ಯಾವ ನೃತ್ಯ ಅಂದರೆ, ಸಣ್ಣವು. ನಟ್‌ಕ್ರ್ಯಾಕರ್‌ನ ಎರಡನೇ ಅಂಕ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲು ಆಡಿದ ಈ ಬ್ಯಾಲೆಗೆ ಸಂಗೀತ ಚೈಕೋವ್‌ಸ್ಕಿಯದು. ಅದರಲ್ಲಿ ಬರುವ ರಷ್ಯನ್ ನೃತ್ಯ ಒಂದು ನಿಮಿಷದ ಆಸುಪಾಸಿನದು, ಮಕ್ಕಳು ಆಕಳಿಸುವುದರೊಳಗೆ ಮುಗಿದಿರುತ್ತದೆ. ದೊಡ್ಡ ಮಕ್ಕಳಿಗಾದರೆ ಮೂಕಾಭಿನಯದ ಸನ್ನೆ ಕಲಿಸಿ. ಮುಖದ ಸುತ್ತ ಕೈ ಆಡಿಸಿದರೆ ಚೆಲುವೆ. ಉಂಗುರದ ಬೆರಳು ತೋರಿಸಿದರೆ ಮದುವೆ. ಮುಷ್ಟಿ ಕಟ್ಟಿ ಮಣಿಕಟ್ಟು ಅಡ್ಡ ಮಾಡಿದರೆ ಸಾವು. ಎರಡು ಬೆರಳು ಮೇಲೆತ್ತಿದರೆ ಆಣೆ. ಇಷ್ಟು ಗೊತ್ತಾದ ಮೇಲೆ ಸ್ವಾನ್ ಲೇಕ್ ಬ್ಯಾಲೆಯ ರಾಜಕುಮಾರ, ತಾನು ಪ್ರೀತಿಸಿದ ಹಂಸಕನ್ಯೆ ಒಡೆಟ್ ಅಂದುಕೊಂಡು, ಅವಳಂತೆಯೇ ಕಾಣುವ ಮಾಂತ್ರಿಕನ ಮಗಳು ಒಡೀಲ್‌ಗೆ ಆಣೆ ಇಡುವ ತುಣುಕು ಮಾಡಿಸಿ. ‘ಬೇಡ, ಬೇಡ!’ ಅಂತ ಕೂಗು ಬರುತ್ತದೆ. ಕೂಗಲಿ ಬಿಡಿ, ಟೀಚರು ‘ಶ್‌’ ಅನ್ನದ ಹಾಗೆ ನೋಡಿಕೊಳ್ಳಿ.

ಟೈಟ್ಸ್ ಹಾಕಿದ ಗಂಡಸು ಬಂದ ಕೂಡಲೇ ಹುಡುಗರು ಕಿಸಿಕಿಸಿ ನಗುತ್ತಾರೆ. ಖಂಡಿತ ನಗುತ್ತಾರೆ. ಬುದ್ಧಿ ಹೇಳಲು ಹೋಗಬೇಡಿ. ಅವನು ಒಂದು ಎತ್ತರದ ಜಿಗಿತ ಹಾಕಿ, ಸದ್ದೇ ಇಲ್ಲದೆ ಇಳಿಯಲಿ: ಮೊದಲು ಬೆರಳು, ಆಮೇಲೆ ಹಿಮ್ಮಡಿ, ಮಂಡಿ ಬಗ್ಗಿ. ಆಮೇಲೆ ಜಾಸ್ತಿ ನಕ್ಕವರನ್ನೇ ಎಬ್ಬಿಸಿ ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ ನಿಲ್ಲಿಸಿ. ಅವರು ನಿಂತಿರುವಾಗ ನಾನು ಕತೆ ಹೇಳುತ್ತೇನೆ. ಫ್ರಾನ್ಸಿನ ರಾಜ 14ನೇ ಲೂಯಿ ತಾನೇ ಕುಣಿಯುತ್ತಿದ್ದ, 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ತೆರೆದ. ಪ್ಯಾರಿಸ್ ಆಪೆರಾ ರಂಗದ ಮೇಲೆ ವೃತ್ತಿಯ ನರ್ತಕಿಯರು ಬಂದದ್ದು 1681ರಲ್ಲಿ, ಅಲ್ಲಿಯ ತನಕ ಬರೀ ಗಂಡಸರೇ. ಕತೆ ಮುಗಿಯುವಷ್ಟರಲ್ಲಿ ಕೈಗಳು ನಡುಗುತ್ತಾ ಕೆಳಗೆ ಬಂದಿರುತ್ತವೆ. ಇತಿಹಾಸ ಇಷ್ಟು ಸಾಕು.

ಬೆರಳ ತುದಿಯಲ್ಲಿ ನಿಂತು ಕುಣಿಯಲು ಹಾಕುವ ಪಾಯಿಂಟ್ ಶೂ, ಹಳೇದೊಂದನ್ನು ಉದ್ದಕ್ಕೆ ಸೀಳಿ ಜೊತೆಗಿಟ್ಟುಕೊಳ್ಳಿ. ಒಳಗೆ ಮರ ಇದೆ, ಕಬ್ಬಿಣ ಇದೆ ಅಂತ ಮಕ್ಕಳು ಪಂತ ಕಟ್ಟುತ್ತಾರೆ. ಕೈಗೆ ಕೊಟ್ಟರೆ ಸಿಗುವುದು ಅಂಟಿನಲ್ಲಿ ಪದರ ಪದರವಾಗಿ ಅಂಟಿಸಿದ ಬಟ್ಟೆ, ಕಾಗದ. ಬೆವರಿಗೆ ಅದು ಮೆತ್ತಗಾಗುತ್ತದೆ. ಕಷ್ಟದ ಪಾತ್ರವಾದರೆ ಒಂದೇ ಸಂಜೆಗೆ ಒಂದು ಜೋಡಿ ಸತ್ತುಹೋಗುವುದೂ ಉಂಟು. ಹೊಸ ಶೂವನ್ನು ನರ್ತಕಿ ನೆಲಕ್ಕೆ ಬಡಿಬಡಿದು ಸದ್ದು ಕಮ್ಮಿ ಮಾಡಿಕೊಳ್ಳುವುದನ್ನೂ ತೋರಿಸಿ. ಬಡಿಯಲು ತಮಗೂ ಕೊಡಿ ಅಂತ ಕೇಳುತ್ತಾರೆ, ಸೀಳಿದ್ದನ್ನು ಕೊಡಿ.

ಸಣ್ಣಪುಟ್ಟವು ಬೇಗ ಹೇಳುತ್ತೇನೆ. ಶಾಲೆಯ ಗಂಟೆಯನ್ನು ಆ ಹೊತ್ತು ನಿಲ್ಲಿಸಲು ಆಫೀಸಿಗೆ ಹೇಳಿ. ಸ್ಪೀಕರ್ ನಿಮ್ಮದೇ ಇರಲಿ, ಉದ್ದ ವೈರ್ ಸಮೇತ. ಹಳೇ ಸಂಗೀತದ ಹಕ್ಕು ಮುಗಿದಿದ್ದರೂ ರೆಕಾರ್ಡಿಂಗ್‌ನ ಹಕ್ಕು ಬೇರೆ, ಅದಕ್ಕೆ ಅನುಮತಿ ಬೇಕಾ ವಿಚಾರಿಸಿ. ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಇರುವ ಕೋಣೆ ಬೇಕೇ ಬೇಕು, ಮಕ್ಕಳ ಟಾಯ್ಲೆಟ್ ಆಗದು. ಶಾಲೆಯ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ಬೇಡ. ಹೆಜ್ಜೆ ತಿದ್ದುವಾಗ ಮಗುವನ್ನು ಮುಟ್ಟಬೇಡಿ, ಮಾಡಿ ತೋರಿಸಿ.

ಪ್ರಶ್ನೆಗಳಿಗೆ ನರ್ತಕರೇ ಉತ್ತರಿಸಲಿ. ‘ಬೆರಳು ನೋಯುತ್ತಾ?’ ಅನ್ನುವುದು ಎಲ್ಲ ಕಡೆಯೂ ಬರುತ್ತದೆ. ನೋಯುತ್ತೆ ಅಂತಲೇ ಹೇಳಲಿ. ಜತೆಗೆ, ಪಾದ ಗಟ್ಟಿಯಾಗಿ ಟೀಚರು ಸರಿ ಅನ್ನುವ ತನಕ ಪಾಯಿಂಟ್ ಶೂ ಹಾಕಬಾರದು ಅಂತಲೂ ಹೇಳಲಿ. ಇಲ್ಲದಿದ್ದರೆ ಅವತ್ತೇ ಸಂಜೆ ಮನೆಯಲ್ಲಿ ಯಾರೋ ಬೆರಳ ತುದಿಯಲ್ಲಿ ನಿಲ್ಲಲು ಹೋಗುತ್ತಾರೆ.

ಹೊರಡುವ ಮುಂಚೆ ಹಾಲ್ ಗುಡಿಸಿ. ಜಡೆಯಿಂದ ಉದುರಿದ ಹೇರ್‌ಪಿನ್‌ಗಳು ಎಲ್ಲೆಲ್ಲೋ ಬಿದ್ದಿರುತ್ತವೆ, ಮಾರನೇ ದಿನ ಅಲ್ಲೇ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ವಿನೈಲನ್ನು ಮಡಚಬೇಡಿ, ಸುರುಳಿ ಸುತ್ತಿ. ಮಡಚಿದ ಗೆರೆ ಎದ್ದು ನಿಂತು, ಮುಂದಿನ ಶಾಲೆಯಲ್ಲಿ ಯಾರಾದರೂ ಎಡವುತ್ತಾರೆ.